ಆಡುವ ಮಕ್ಕಳಿಗೂ ಸ್ಥಳವಿದ್ದ ಜ್ಞಾನಸಭೆಗಳು

ಪ್ರವಾದಿವರ್ಯರು(ಸ) ಒಮ್ಮೆ ಮದೀನಾದ ಅನ್ಸಾರಿ ಕುಟುಂಬವೊಂದರ ಮನೆಯಲ್ಲಿದ್ದರು. ಬಾವಿಯಿಂದ ಸೇದಿದ ನೀರನ್ನು ಬಾಯಲ್ಲಿ ತುಂಬಿಕೊಂಡು, ಎದುರಿಗಿದ್ದ ಪುಟ್ಟ ಬಾಲಕನ ಮುಖಕ್ಕೆ ವಾತ್ಸಲ್ಯದಿಂದ ಚಿಮ್ಮಿಸಿದರು. ಆ ಬಾಲಕ ಮಹ್ಮೂದ್ ಬಿನ್ ರಬೀಅ್(ರ). ಆಗ ಅವರ ವಯಸ್ಸು ಐದು. ಮುಂದೆ ದೊಡ್ಡವರಾದ ಮೇಲೂ ಆ ನೀರಿನ ಹನಿಗಳನ್ನು ಅವರು ನೆನೆದು ಹೇಳಿದರು. ಇಮಾಮ್ ಬುಖಾರಿ(ರ)ಯವರು ಈ ವರದಿಯನ್ನು ತಮ್ಮ ಸಂಗ್ರಹದ 'ಜ್ಞಾನ'ದ ಅಧ್ಯಾಯದಲ್ಲಿ, ಎಳೆಯ ಮಗು ಕೇಳಿದ್ದು ಯಾವಾಗ ಸಿಂಧುವಾಗುತ್ತದೆ ಎಂಬ ಶೀರ್ಷಿಕೆಯ ಕೆಳಗೆ ಇರಿಸಿದ್ದಾರೆ.

ಇದು ಚಿಕ್ಕ ಸಂಗತಿಯಲ್ಲ. ಹದೀಸ್ ವಿದ್ವಾಂಸರು ನಂತರದ ಕಾಲದಲ್ಲಿ ಐದು ವರ್ಷವನ್ನು ಒಂದು ಗಡಿಯನ್ನಾಗಿ ಬಳಸಲು ಆಧಾರವಾದದ್ದು ಇದೇ ವರದಿ. ಐದು ತುಂಬಿದ ಮಗು ಹದೀಸನ್ನು 'ಕೇಳಿತು' ಎಂದು ಬರೆದರು. ಅದಕ್ಕಿಂತ ಚಿಕ್ಕ ಮಗು 'ಹಾಜರಿತ್ತು' ಎಂದು ಬರೆದರು. ಎಲ್ಲರೂ ಈ ಅಂಕಿಗೆ ಕಟ್ಟುಬಿದ್ದವರಲ್ಲ. ಮೂಸಾ ಬಿನ್ ಹಾರೂನ್(ರ) ಅವರನ್ನು ಈ ಕುರಿತು ಕೇಳಿದಾಗ, ಮಗುವಿಗೆ ಹಸು ಯಾವುದು ಕತ್ತೆ ಯಾವುದು ಎಂದು ತಿಳಿದರೆ ಸಾಕು ಎಂಬರ್ಥದ ಉತ್ತರ ಕೊಟ್ಟರಂತೆ. ಇಬ್ನು ಸ್ವಲಾಹ್(ರ) ಅವರಂತೂ ವಯಸ್ಸನ್ನು ಬದಿಗಿಟ್ಟು, ಆಡಿದ ಮಾತು ಅರ್ಥವಾಗಿ ಮಗು ಮರುನುಡಿಯುತ್ತದೆಯೇ ಎಂಬುದನ್ನು ನೋಡಬೇಕೆಂದರು. ಪ್ರತಿ ಮಗುವನ್ನೂ ಬೇರೆಬೇರೆಯಾಗಿ ನೋಡುವ ಈ ವಿವೇಕ ನಮಗೆ ಹೆಚ್ಚು ಹಿಡಿಸುತ್ತದೆ.

ಈ ಚರ್ಚೆ ಪುಸ್ತಕದಲ್ಲಷ್ಟೇ ಉಳಿಯಲಿಲ್ಲ. ಹಿಜರಿ ಆರು, ಏಳು ಮತ್ತು ಎಂಟನೆಯ ಶತಮಾನಗಳ ಡಮಾಸ್ಕಸ್ ನಗರದಲ್ಲಿ ಗ್ರಂಥವೊಂದನ್ನು ಅದರ ಅಧಿಕೃತ ವರದಿಗಾರರ ಸಮ್ಮುಖದಲ್ಲಿ ಗಟ್ಟಿಯಾಗಿ ಓದುವ ಸಭೆಗಳು ಮಸೀದಿ, ಮದ್ರಸಾ, ಮನೆ, ತೋಟಗಳಲ್ಲಿ ನಡೆಯುತ್ತಿದ್ದವು. ಓದು ಮುಗಿದ ಮೇಲೆ ಕೇಳಿದವರ ಹೆಸರುಗಳನ್ನು ಆ ಹಸ್ತಪ್ರತಿಯಲ್ಲೇ ಬರೆಯುವುದು ಪದ್ಧತಿ. ಆ ದಾಖಲೆಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ತಂದೆಯ ಹೆಸರಿನೊಂದಿಗೆ ಗಂಡು ಹೆಣ್ಣು ಮಕ್ಕಳ ಹೆಸರು, ಮನೆಯ ಸೇವಕರ ಹೆಸರು, ಹಲವೆಡೆ ಮಗುವಿನ ವಯಸ್ಸು ಕೂಡ ಕಾಣಸಿಗುತ್ತದೆ. ಇಡೀ ಕುಟುಂಬವೇ ಎದ್ದು ಬಂದಂತಿರುತ್ತಿತ್ತು.

ಅಲ್ಲಿ ಮಕ್ಕಳು ಗೊಂಬೆಗಳಂತೆ ಕೂತಿದ್ದರೆಂದು ಭಾವಿಸಬೇಕಿಲ್ಲ. ಹಿಜರಿ 774ರಲ್ಲಿ ನಿಧನರಾದ ಇಬ್ನು ಕಸೀರ್(ರ) ಅವರು ಈ ಸಭೆಗಳನ್ನು ಬಣ್ಣಿಸುವಾಗ ಏನನ್ನೂ ಮರೆಮಾಚುವುದಿಲ್ಲ. ತೂಕಡಿಸುವವರು, ಪಕ್ಕದವರೊಡನೆ ಮಾತಿಗಿಳಿದವರು, ಒಂದೆಡೆ ನಿಲ್ಲದೆ ಆಟವಾಡುವ ಮಕ್ಕಳು ಎಲ್ಲರೂ ಅಲ್ಲಿದ್ದರು. ಅವರ ಗುರುಗಳೂ ಮಾವನವರೂ ಆದ ಮಹಾ ವಿದ್ವಾಂಸ ಮಿಝ್ಝೀ(ರ) ಅವರ ಸಮ್ಮುಖದಲ್ಲೇ ಅವರೆಲ್ಲರ ಹೆಸರೂ ದಾಖಲಾಗುತ್ತಿತ್ತು. ಇದೇ ಪ್ರಸಂಗದಲ್ಲಿ ಅವರು ಇನ್ನೊಂದು ಘಟನೆ ಹೇಳುತ್ತಾರೆ. ಹಂಬಲಿ ನ್ಯಾಯಾಧೀಶರಾಗಿದ್ದ ತಖಿಯುದ್ದೀನ್ ಸುಲೈಮಾನ್ ಮಕ್ದಿಸೀ(ರ) ಅವರ ಸಭೆಯಲ್ಲಿ ಆಡುತ್ತಿದ್ದ ಮಕ್ಕಳನ್ನು ಯಾರೋ ಗದರಿದರಂತೆ. ನ್ಯಾಯಾಧೀಶರು ತಡೆದು, ಗದರಬೇಡಿ, ನಾವೂ ಇವರಂತೆಯೇ ಇದ್ದು ಕೇಳಿದವರು ಎಂದರಂತೆ.

ಇದರ ಹಿಂದೆ ಲೆಕ್ಕಾಚಾರವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಎಂಬತ್ತರ ಗುರುವಿನಿಂದ ಐದರ ಮಗು ಕೇಳಿ, ಆ ಮಗು ತನ್ನ ಎಂಬತ್ತರಲ್ಲಿ ಮತ್ತೊಂದು ಮಗುವಿಗೆ ಹೇಳಿದರೆ ವರದಿಯ ಸರಪಳಿಯಲ್ಲಿ ಕೊಂಡಿಗಳು ಕಡಿಮೆಯಾಗುತ್ತವೆ. ಅಂತಹ ಸರಪಳಿ ಕುಟುಂಬಕ್ಕೆ ಹೆಮ್ಮೆಯ ವಿಷಯ. ಆದರೆ ಆ ಹೆಮ್ಮೆಗಾಗಿ ಪೋಷಕರು ಪಟ್ಟ ಶ್ರಮ ನೋಡಿ. ಸ್ಪೇನಿನ ವಲೆನ್ಸಿಯಾದವರಾದ ಸಅದುಲ್ ಖೈರ್(ರ) ಚೀನಾದವರೆಗೂ ಸಂಚರಿಸಿದವರು. ಅವರು ತಮ್ಮ ಎಳೆಯ ಮಗಳು ಫಾತಿಮಾರನ್ನು ಇಸ್ಫಹಾನಿನಲ್ಲಿ ವಯೋವೃದ್ಧೆ ಫಾತಿಮಾ ಜೂಝ್ದಾನಿಯಾ(ರ) ಅವರ ಸಭೆಗೆ ಕರೆದೊಯ್ದರು. ಆ ಮಗಳು ಮುಂದೆ ಡಮಾಸ್ಕಸ್ ಮತ್ತು ಕೈರೋಗಳಲ್ಲಿ ವಿದ್ವಾಂಸರಿಗೆ ಹದೀಸ್ ಕಲಿಸಿದರು.

ಡಮಾಸ್ಕಸಿನ ಝೈನಬ್ ಬಿಂತ್ ಕಮಾಲ್(ರ) ಜನಿಸಿದ್ದು ಹಿಜರಿ 646ರಲ್ಲಿ. ಬಗ್ದಾದಿನ ವಿದುಷಿ ಅಜೀಬಾ(ರ) ತೀರಿಕೊಂಡದ್ದು 647ರಲ್ಲಿ. ಅಷ್ಟರೊಳಗೆ ಹಿರಿಯರು ಈ ಹಸುಗೂಸಿನ ಹೆಸರಿಗೆ ಅಜೀಬಾರಿಂದ ವರದಿಯ ಅನುಮತಿಯನ್ನು ಪಡೆದಿದ್ದರು. ಹತ್ತು ವರ್ಷವೂ ಕಳೆಯುವ ಮುನ್ನ ಮಂಗೋಲರು ಬಗ್ದಾದನ್ನು ಧ್ವಂಸಮಾಡಿದರು. ಅಲ್ಲಿನ ವಿದ್ಯೆಯ ಒಂದು ಎಳೆ ದೂರದ ಡಮಾಸ್ಕಸಿನಲ್ಲಿ ಆಡಿ ಬೆಳೆಯುತ್ತಿದ್ದ ಹುಡುಗಿಯೊಬ್ಬಳಲ್ಲಿ ಉಳಿದಿತ್ತು. ಆಕೆ ಕಣ್ಣಿನ ಬೇನೆ ಇದ್ದವರು, ಮದುವೆಯಾದವರಲ್ಲ. ಹಿಜರಿ 740ರವರೆಗೆ ಬಾಳಿದರು. ಅವರ ಬಳಿ ಒಂಟೆಯ ಹೊರೆಯಷ್ಟು ಗ್ರಂಥಭಾಗಗಳಿಗೆ ಅನುಮತಿಯಿತ್ತೆನ್ನುತ್ತಾರೆ. ಪ್ರವಾಸಿ ಇಬ್ನು ಬತೂತ ಕೂಡ ಅವರಿಂದ ಅನುಮತಿ ಪಡೆದವರು. ಇತಿಹಾಸಕಾರ ಝಹಬೀ(ರ) ಅವರು ಈ ಮಹಿಳೆಯ ವಿದ್ಯೆಯ ಜೊತೆಗೆ ಮೃದು ಸ್ವಭಾವವನ್ನೂ ತಾಳ್ಮೆಯನ್ನೂ ಎತ್ತಿ ಹೇಳಿದ್ದಾರೆ. ವಿದ್ಯಾರ್ಥಿಗಳು ದಿನದ ಬಹುಪಾಲು ಕುಳಿತು ಓದಿದರೂ ಅವರು ಬೇಸರಿಸುತ್ತಿರಲಿಲ್ಲವಂತೆ.

ನಮ್ಮ ಮನೆಗಳಲ್ಲಿ ಮಗ್ರಿಬ್ ನಂತರ ನಾಲ್ಕು ಮಂದಿ ಹಿರಿಯರು ದೀನಿನ ಮಾತಿಗೆ ಕುಳಿತರೆ, ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಒಳಕೋಣೆಗೆ ಕಳುಹಿಸುತ್ತೇವೆ. ಮಸೀದಿಯ ಹಿಂದಿನ ಸಾಲಿನಲ್ಲಿ ನಕ್ಕ ಮಗುವಿನ ಕಿವಿ ಹಿಂಡುವವರೂ ಇದ್ದಾರೆ. ಆ ಮಗು ನಾಳೆ ನಮ್ಮ ಮಾತನ್ನು ಯಾವ ನೆನಪಿನೊಂದಿಗೆ ಜೋಡಿಸಿಕೊಂಡೀತು? ಮಹ್ಮೂದ್(ರ) ಅವರ ನೆನಪಿನಲ್ಲಿ ಉಳಿದದ್ದು ಮುಖಕ್ಕೆ ಬಿದ್ದ ತಣ್ಣೀರು.

ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗಲೂ ಹೀಗೆಯೇ ಆಯಿತು. ದುಃಖದಲ್ಲಿದ್ದ ಬಾಲಕನ ಹೆಸರಿಗೆ ಹಕ್ಕಿಯ ಹೆಸರನ್ನು ಪ್ರಾಸವಾಗಿ ಹೊಂದಿಸಿ ಪ್ರವಾದಿವರ್ಯರು(ಸ) ಅದರ ಬಗ್ಗೆ ವಿಚಾರಿಸಿದರು. ಹದೀಸ್ ವಿದ್ವಾಂಸರು ಇಂತಹ ಪ್ರಯೋಜನವಿಲ್ಲದ ಸಂಗತಿಗಳನ್ನೂ ವರದಿ ಮಾಡುತ್ತಾರೆಂದು ಕೆಲವರು ಹಳಿಯುತ್ತ, ಈ ಹದೀಸನ್ನೇ ಉದಾಹರಿಸುತ್ತಿದ್ದರು. ಹಿಜರಿ 335ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಬ್ನುಲ್ ಖಾಸ್ಸ್(ರ) ಅವರಿಗೆ ಉತ್ತರವಾಗಿ ಒಂದು ಕಿರುಹೊತ್ತಗೆಯನ್ನೇ ಬರೆದರು. ಮಗುವಿನೊಡನೆ ವಿನೋದವಾಡುವುದು, ಮಗುವನ್ನು ದೊಡ್ಡವರಂತೆ ಗೌರವದ ಹೆಸರಿನಿಂದ ಕರೆಯುವುದು ಮೊದಲಾಗಿ, ಆ ಒಂದೇ ಪ್ರಸಂಗದಿಂದ ಅವರು ಎಣಿಸಿ ತೋರಿಸಿದ ಪಾಠಗಳು ಅರುವತ್ತು.