ಮುಡಿಗೊಂದೆಲೆ, ಮಡಕೆಗೊಂದೆಲೆ

ಅಕ್ಕತಂಗೇರೆ, ನಮ್ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೇಲಿ ಘಮ್ಮನ್ನೋ ಎಲೆಗೇನು ಬರ ಇಲ್ಲ. ಆದ್ರೆ ಒಂದೊಂದಕ್ಕೂ ಒಂದೊಂದು ಜಾಗ. ಕರಿಬೇವು ಒಗ್ಗರಣೆಗೆ, ಕೊತ್ತಂಬರಿ ಉಪ್ಸಾರಿನ ಖಾರಕ್ಕೆ, ಸಬ್ಬಸಿಗೆ ಅಕ್ಕಿರೊಟ್ಟಿಗೆ. ಕಾಮಕಸ್ತೂರಿ ಮಾತ್ರ ಹೂವಿನ ಜೊತೆ ಕಟ್ಟಿ ಮುಡಿಯೋಕೆ. ಬೀಜ ನೆನೆಸಿ ಪಾನಕಕ್ಕೆ ಹಾಕ್ತೀವಿ, ಎಲೆನ ಸಾರಿಗೆ ಹಾಕೋ ವಾಡಿಕೆ ನಮ್ಮಲ್ಲಿಲ್ಲ.

ಇಂಡೋನೇಷ್ಯಾದಲ್ಲಿ ಹಂಗಲ್ಲ. ಕಾಮಕಸ್ತೂರಿ ಜಾತಿದೇ, ನಿಂಬೆ ವಾಸನೆಯ ಒಂದು ಎಲೆ ಅಲ್ಲಿ ಬೆಳೀತದೆ. ಅದರ ಹೆಸರು ಕೆಮಾಂಗಿ. ಸಂಬಾಲ್ ಅನ್ನೋ ಮೆಣಸಿನಕಾಯಿ ಚಟ್ನಿ ಜೊತೆ ಅದನ್ನ ಹಸಿಯಾಗೇ ತಿಂತಾರೆ. ಮೀನಿಗೆ ಮಸಾಲೆ ಸವರಿ, ಮೇಲೆ ಈ ಎಲೆ ಇಟ್ಟು, ಬಾಳೆಲೇಲಿ ಸುತ್ತಿ ಬೇಯಿಸ್ತಾರೆ.

ಅವರ ಸಂಬಾಲಿಗೂ ನಮ್ಮ ಉಪ್ಸಾರಿಗೂ ಹಾಕೋ ಮೆಣಸಿನಕಾಯಿ ಮೂಲದಲ್ಲಿ ಅಮೆರಿಕಾದ್ದು. ಪೋರ್ಚುಗೀಸರ ಕಾಲದಲ್ಲಿ ಈ ಕಡೆ ಬಂತು. ಹುಣಸೂರು ಕಡೆಯ ಕಲ್ಲಹಳ್ಳಿಯ ಮಂಗರಸ 1500ರ ಆಸುಪಾಸಿನಲ್ಲಿ ‘ಸೂಪಶಾಸ್ತ್ರ’ ಬರೆದಾಗ ಖಾರ ಅಂದ್ರೆ ಕರಿಮೆಣಸೇ.

ದೊಡ್ಡಪತ್ರೆ ಕತೆ ಇನ್ನೂ ಸೋಜಿಗ. ಅದರ ತವರು ಆಫ್ರಿಕಾ, ಅರೇಬಿಯಾ ಕಡೆ. ಆದ್ರೆ 1790ರಲ್ಲಿ ಲೊರೇರೊ ಅನ್ನೋ ಪೋರ್ಚುಗೀಸ್ ಪಾದ್ರಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಇಂಡೋನೇಷ್ಯಾದ ಅಂಬೋನ್ ದ್ವೀಪದ ಹೆಸರು ಸೇರಿಸಿದ. ಇವತ್ತಿಗೂ ಅದು ‘ಅಂಬೊಯ್ನಿಕಸ್’. ನಾವು ಅದನ್ನ ಬಾಡಿಸಿ ಕೆಮ್ಮೋ ಮಕ್ಕಳಿಗೆ ರಸ ಕುಡಿಸ್ತೀವಿ, ಚಟ್ನಿ ಅರೀತೀವಿ, ಬಜ್ಜಿ ಕರೀತೀವಿ. ಸುಮಾತ್ರಾದ ಬಟಕ್ ಜನ ಅದೇ ಸೊಪ್ಪನ್ನ ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ಸಾರು ಮಾಡಿ ಬಡಿಸ್ತಾರೆ. ನಮ್ ಕಡೆ ಆ ಕೆಲಸ ಸಬ್ಬಸಿಗೇದು. ಎಲೆ ಬೇರೆ, ಬಾಣಂತನದ ಕಾಳಜಿ ಒಂದೇ ನೋಡಿ.

ಎಲೆಗೆ ಹೆಸರಿಟ್ಟ ಪಾದ್ರಿ ಪುಸ್ತಕದಲ್ಲಿ ಉಳಿದ, ಅಡುಗೆ ಬರೆದ ಮಂಗರಸನೂ ಉಳಿದ. ಯಾವ ಎಲೆ ಯಾರಿಗೆ, ಎಷ್ಟು, ಯಾವಾಗ ಅಂತ ಅರಿತಿದ್ದ ಹೆಂಗಸರ ಹೆಸರು ಮಾತ್ರ ಎಲ್ಲೂ ಇಲ್ಲ. ಅದು ಅತ್ತೆಯಿಂದ ಸೊಸೆಗೆ, ಅವ್ವನಿಂದ ಮಗಳಿಗೆ ಬಾಯಲ್ಲೇ ಬಂತು. ಈಗ ಹಿತ್ತಲಿಗೆ ಸಿಮೆಂಟು ಬಿದ್ದದೆ, ಮಕ್ಕಳು ಊರು ಬಿಟ್ಟವ್ರೆ. ಹೇಳೋ ಬಾಯಿ ನಿಂತ್ರೆ ಆ ತಿಳಿವೂ ನಿಂತಂಗೆ.

ದೊಡ್ಡಪತ್ರೆಗೆ ಬೀಜ ಬೇಡ, ಒಂದು ಕಡ್ಡಿ ನೆಟ್ರೆ ಕುಂಡದಲ್ಲೂ ಚಿಗುರ್ತದೆ. ಒಂದು ನೆಡಿ. ಜೊತೆಗೆ ನಿಮ್ಮ ಬಾಣಂತನದಲ್ಲಿ ಯಾವ ಸೊಪ್ಪು, ಹೆಂಗೆ ಬೇಯಿಸಿ ಇಕ್ಕಿದ್ರು ಅನ್ನೋದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಇಕ್ಕಿದವರ ಹೆಸರಿನ ಸಮೇತ.