ಪಾಠವಾಗುವ ಮೊದಲು

ಹನ್ನೆರಡನೆಯ ತರಗತಿಯ ಎನ್.ಸಿ.ಇ.ಆರ್.ಟಿ. ಜೀವಶಾಸ್ತ್ರ ಪುಸ್ತಕದಲ್ಲಿ ಜೈವಿಕ ತಂತ್ರಜ್ಞಾನಕ್ಕೆಂದೇ ಎರಡು ಅಧ್ಯಾಯಗಳಿವೆ. ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದರೊಳಗೆ ಕೂಡಿಸುವ ಕ್ರಮವನ್ನು ನಮ್ಮ ಮಕ್ಕಳು ಚಿತ್ರ ಬರೆದು, ಬಾಣದ ಗುರುತು ಹಾಕಿ ಪರೀಕ್ಷೆಗೆ ಸಿದ್ಧಮಾಡಿಕೊಳ್ಳುತ್ತಾರೆ. ಆದರೆ ಈ ವಿದ್ಯೆ ಹುಟ್ಟಿದ ಹೊಸತರಲ್ಲಿ ವಿಜ್ಞಾನಿಗಳೇ ಅಂಜಿ ಕೈ ಹಿಂದೆಗೆದಿದ್ದರು, ಒಂದು ನಗರಸಭೆ ಅದಕ್ಕೆ ತಡೆ ಒಡ್ಡಿತ್ತು ಎಂಬುದು ಆ ಚಿತ್ರಗಳಲ್ಲಿ ಕಾಣುವುದಿಲ್ಲ.

1972ರ ನವೆಂಬರಿನಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಒಂದು ವಿಜ್ಞಾನ ಸಮ್ಮೇಳನ ನಡೆಯಿತು. ಅಲ್ಲಿಗೆ ಬಂದಿದ್ದ ಹರ್ಬರ್ಟ್ ಬಾಯರ್, ಡಿ.ಎನ್.ಎ.ಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಕಿಣ್ವವನ್ನು ಬಲ್ಲವರು. ಸ್ಟ್ಯಾನ್ಲಿ ಕೋಹೆನ್, ಬ್ಯಾಕ್ಟೀರಿಯದೊಳಗಿನ ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಉಂಗುರವನ್ನು ಬಲ್ಲವರು. ಒಬ್ಬರ ಬಳಿ ಕತ್ತರಿ, ಇನ್ನೊಬ್ಬರ ಬಳಿ ಬಂಡಿ! ರಾತ್ರಿ ಊಟದಂಗಡಿಯಲ್ಲಿ ಕುಳಿತು ಮಾತಾಡಿ, ಜೊತೆಗೂಡಿ ಕೆಲಸ ಮಾಡಲು ಒಪ್ಪಿದರು. ಮರುವರ್ಷವೇ ಕೂಡಿಸಿದ ಡಿ.ಎನ್.ಎ. ಬ್ಯಾಕ್ಟೀರಿಯದೊಳಗೆ ನೆಲೆಸಿ ಅದರ ಸಂತತಿಯೊಡನೆ ತಾನೂ ಹೆಚ್ಚಿತು. 1974ರಲ್ಲಿ ಕಪ್ಪೆಯ ವಂಶವಾಹಿಯೂ ಹಾಗೆ ಬ್ಯಾಕ್ಟೀರಿಯವನ್ನು ಸೇರಿತು.

ಭಯ ಹುಟ್ಟಿದ್ದು ಇಲ್ಲಿಯೇ. ಪ್ರಯೋಗಕ್ಕೆ ಬಳಸಿದ ಈ. ಕೋಲಿ ಬ್ಯಾಕ್ಟೀರಿಯದ ಬಂಧುಗಳು ನಮ್ಮೆಲ್ಲರ ಕರುಳಿನಲ್ಲಿವೆ. ರೋಗಕಾರಕ ವಂಶವಾಹಿಯೊಂದು ಅದರಲ್ಲಿ ಸೇರಿ ಹೊರಬಿದ್ದರೆ ಗತಿಯೇನು? ಕೆಲವು ಬಗೆಯ ಪ್ರಯೋಗಗಳನ್ನು ಸದ್ಯಕ್ಕೆ ನಿಲ್ಲಿಸೋಣವೆಂದು ಪಾಲ್ ಬರ್ಗ್ ಮತ್ತು ಸಂಗಡಿಗರು 1974ರಲ್ಲಿ ಬಹಿರಂಗ ಪತ್ರ ಬರೆದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಅಸಿಲೊಮಾರ್‌ನಲ್ಲಿ ವಿಜ್ಞಾನಿಗಳು ಸಭೆ ಸೇರಿ, ಎಚ್ಚರಿಕೆಯ ಕ್ರಮಗಳೊಡನೆ ಮುಂದುವರಿಯಬಹುದೆಂದರು. 1976ರಲ್ಲಿ ಅಮೆರಿಕ ಸರ್ಕಾರದ ನಿಯಮಗಳೂ ಬಂದವು.

ಅಷ್ಟರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಇಂಥ ಪ್ರಯೋಗಶಾಲೆಯೊಂದನ್ನು ಕಟ್ಟಲು ಹೊರಟಿತು. ಅದಿರುವ ಕೇಂಬ್ರಿಜ್ ಊರಿನ ಮೇಯರ್ ಆಲ್ಫ್ರೆಡ್ ವೆಲ್ಲೂಚಿ ಜೂನ್ ತಿಂಗಳಲ್ಲಿ ಬಹಿರಂಗ ಸಭೆ ಕರೆದರು. ನಾವು ಸಾಮಾನ್ಯ ಜನ, ನಿಮ್ಮ ಅಕ್ಷರಮಾಲೆ ನಮಗೆ ತಿಳಿಯದು, ಬಿಡಿಸಿ ಹೇಳಿ ಎಂದು ವಿಜ್ಞಾನಿಗಳಿಗೆ ತಾಕೀತು ಮಾಡಿದರಂತೆ. (ಸರ್ಕಾರಿ ಕಚೇರಿಗಳಲ್ಲೂ ಯಾರಾದರೂ ಹೀಗೆ ಕೇಳಬೇಕಿತ್ತು.) ನಗರಸಭೆ ಮೂರು ತಿಂಗಳ ತಡೆ ವಿಧಿಸಿ, ಊರಿನ ಎಂಟು ಮಂದಿಯ ಸಮಿತಿ ನೇಮಿಸಿತು. ಅದರಲ್ಲಿ ಆಸ್ಪತ್ರೆಯಲ್ಲಿ ದುಡಿಯುವ ಕ್ರೈಸ್ತ ಸನ್ಯಾಸಿನಿ ಇದ್ದರು, ಎಣ್ಣೆ ವ್ಯಾಪಾರಿ ಇದ್ದರು. ಇಂಥವರಿಗೆ ವಂಶವಾಹಿಯ ವಿಷಯ ಏನು ತಿಳಿದೀತು ಎಂದವರಿಗೆ ಉತ್ತರವೆಂಬಂತೆ, ಅವರು ತಿಂಗಳುಗಟ್ಟಲೆ ಕುಳಿತು ಎರಡೂ ಕಡೆಯವರನ್ನು ವಿಚಾರಿಸಿದರು. 1977ರ ಜನವರಿಯಲ್ಲಿ ಕೊಟ್ಟ ತೀರ್ಮಾನ: ಪ್ರಯೋಗ ನಡೆಯಲಿ, ಆದರೆ ಸರ್ಕಾರದ ನಿಯಮಗಳಿಗಿಂತ ಬಿಗಿಯಾದ ಷರತ್ತುಗಳೊಡನೆ.

ಮರುವರ್ಷ, 1978ರಲ್ಲಿ, ಬಾಯರ್ ಪಾಲುದಾರರಾಗಿದ್ದ ಜೆನೆಂಟೆಕ್ ಕಂಪನಿಯವರೂ ಸಿಟಿ ಆಫ್ ಹೋಪ್ ಆಸ್ಪತ್ರೆಯ ವಿಜ್ಞಾನಿಗಳೂ ಸೇರಿ ಬ್ಯಾಕ್ಟೀರಿಯದಿಂದ ಮಾನವ ಇನ್ಸುಲಿನ್ ತಯಾರಿಸಿದರು. ಔಷಧವಾಗಿ 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಅಲ್ಲಿಯವರೆಗೆ ಕಟ್ಟಾ ಸಸ್ಯಾಹಾರಿಗಳಿಗೂ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಗತಿ. ಆ ಸಂಗತಿಯನ್ನು ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲವೆಂದು ಕಾಣುತ್ತದೆ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು.

ಕೇಂಬ್ರಿಜ್‌ನಂಥ ಬಹಿರಂಗ ಸಭೆಗಳು ನಮ್ಮಲ್ಲೂ ನಡೆದದ್ದುಂಟು. ಹುಳುವನ್ನು ತಡೆಯುವ ವಂಶವಾಹಿ ಸೇರಿಸಿದ ಬಿ.ಟಿ. ಬದನೆಯನ್ನು ಬೆಳೆಯಲು ಬಿಡಬೇಕೆ ಎಂಬ ಪ್ರಶ್ನೆ ಎದ್ದಾಗ, ಕೇಂದ್ರ ಮಂತ್ರಿ ಜೈರಾಮ್ ರಮೇಶ್ ಅವರು 2010ರ ಆರಂಭದಲ್ಲಿ ಬೆಂಗಳೂರು, ಹೈದರಾಬಾದ್, ನಾಗಪುರ ಸೇರಿ ಏಳು ಊರುಗಳಲ್ಲಿ ರೈತರ, ವಿಜ್ಞಾನಿಗಳ ಮಾತು ಕೇಳಿದರು. ಗದ್ದಲಕ್ಕೇನೂ ಕೊರತೆಯಿರಲಿಲ್ಲ. ಫೆಬ್ರವರಿ 9ರಂದು ತಡೆ ಘೋಷಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆ ವಂಶವಾಹಿಯನ್ನು ಸೇರಿಸಿದ್ದ ಬದನೆ ತಳಿಗಳಲ್ಲಿ ನಮ್ಮ ಉಡುಪಿಯ ಗುಳ್ಳವೂ ಒಂದಾಗಿತ್ತು.