ಕುರಿಯಿಲ್ಲದ ಬಾಡು

ಹಳೇ ಮೈಸೂರು ಕಡೆಯವರು ಡಾಕ್ಟರ ಮುಂದೆ ಕೂತಾಗ ‘ಮಾಂಸ ತಿಂತೀನಿ’ ಅನ್ನುತ್ತಾರೆ. ಮನೆಗೆ ಬಂದರೆ ಅದು ಬಾಡು. ಬಾಡಿನೆಸರು, ಬಾಡೂಟ ಅನ್ನುತ್ತಾ ಆ ಪದ ಯಾವಾಗಲೂ ನಾಲ್ಕು ಜನರ ನಡುವೆಯೇ ಇರುತ್ತದೆ. ಮಾಂಸಕ್ಕೆ ಹಳಗನ್ನಡದಲ್ಲಿದ್ದ ‘ಅಡಗು’ ನಿಘಂಟು ಸೇರಿಕೊಂಡಿತು. ‘ಖಂಡ’ ಪುಣ್ಯಕೋಟಿಯ ಹಾಡಿನಿಂದಾಗಿ ಮಕ್ಕಳಿಗೂ ಗೊತ್ತು. ಬಾಡು ಮಾತ್ರ 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೇ ಬಂದು, ಊಟದ ಪಂಕ್ತಿಯಲ್ಲಿ ತನಗೂ ಜಾಗ ಕೇಳಿತು. ಗೋಷ್ಠಿಗಳಿಗಿಂತ ಆ ಜಗಳವೇ ಜನರ ನೆನಪಿನಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ.

ಈ ಪದದ ಪೂರ್ತಿ ಅರ್ಥ ಬೇಕಿದ್ದರೆ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬೆಳಿಗ್ಗೆ ಹಳ್ಳಿಗೆ ಹೋಗಬೇಕು. ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ತಂದಿರುತ್ತಾರೆ. ಹಾಸಿದ ಎಲೆಗಳ ಮೇಲೆ ಗುಡ್ಡೆಗಳು ಏಳುತ್ತವೆ. ತೊಡೆಯದೊಂದು ತುಂಡು, ಪಕ್ಕೆಲುಬು, ಒಂದಿಷ್ಟು ಈಲಿ, ಬೋಟಿ, ಕೊಬ್ಬು, ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ‘ಆ ಕಡೆ ಮೂಳೆ ಜಾಸ್ತಿ ಆಯ್ತು ಕಣಣ್ಣ’ ಎಂದು ಒಬ್ಬರಾದರೂ ತಗಾದೆ ತೆಗೆಯುತ್ತಾರೆ. ಒಂದು ತುಂಡು ಇಲ್ಲಿಂದ ಅಲ್ಲಿಗೆ ಹಾರುತ್ತದೆ.

ಈಗ ಉಕ್ಕಿನ ತೊಟ್ಟಿಯಲ್ಲಿ ಬೆಳೆದದ್ದೊಂದು ಬಾಗಿಲಲ್ಲಿ ನಿಂತಿದೆ. ಬದುಕಿರುವ ಪ್ರಾಣಿಯಿಂದ ಚಿಟಿಕೆಯಷ್ಟು ಸ್ನಾಯು ತೆಗೆದು, ಅದರ ಜೀವಕೋಶಗಳಿಗೆ ಪೋಷಕ ದ್ರವ ಉಣಿಸಿ ಬೆಳೆಸಿದ ಮಾಂಸ. 2013ರಲ್ಲಿ ಮಾರ್ಕ್ ಪೋಸ್ಟ್ ಎಂಬ ಡಚ್ ವಿಜ್ಞಾನಿ ಲಂಡನ್ನಿನಲ್ಲಿ ಇಂಥದೊಂದು ಬರ್ಗರ್ ಮುಂದಿಟ್ಟಾಗ ಅದಕ್ಕೆ ತಗುಲಿದ್ದು ಸುಮಾರು ಎರಡೂವರೆ ಲಕ್ಷ ಯೂರೋ. ಸಿಂಗಪುರ 2020ರಲ್ಲಿ ಮಾರಾಟಕ್ಕೆ ಅನುಮತಿ ಕೊಟ್ಟಿತು, ಅಮೆರಿಕ 2023ರಲ್ಲಿ. ಅದೇ ವರ್ಷ ಇಟಲಿ ನಿಷೇಧಿಸಿತು, ಮರುವರ್ಷ ಫ್ಲಾರಿಡಾ. ನಮ್ಮಲ್ಲೂ ಕೆಲಸ ನಡೆದಿದೆ: ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ಒಂದು ಖಾಸಗಿ ಕಂಪನಿಯ ಜೊತೆ ಸೇರಿ, ಮೀನಿನ ಜೀವಕೋಶ ಬೆಳೆಸುವ ಯೋಜನೆಗೆ ಕೈಹಾಕಿತು. ಮಾರುಕಟ್ಟೆಗೆ ಬರಬೇಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಮುಂಗಡ ಒಪ್ಪಿಗೆ ಬೇಕು. ಹೊಸ ಬಗೆಯ ಆಹಾರಗಳಿಗೆಂದೇ 2017ರ ನಿಯಮಗಳಿವೆ.

ಒಪ್ಪಿಗೆ ಕೊಡಲಿ ಅನ್ನುವವನು ನಾನು. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಅದು ಬೇರೆ ಮಾತು. ಇಟಲಿ, ಫ್ಲಾರಿಡಾಗಳ ನಿಷೇಧದಲ್ಲಿ ತಿನ್ನುವವರ ಆರೋಗ್ಯದ ಚಿಂತೆಗಿಂತ ದನ ಸಾಕುವವರ ಮೇಲಿನ ಪ್ರೀತಿ ಹೆಚ್ಚು ಕಾಣುತ್ತದೆ. ನಮ್ಮ ಕುರಿಗಾಹಿಗೆ ಸದ್ಯದ ಕಷ್ಟ ಮೇವಿನದು, ಮೇಯಿಸುವ ಜಾಗದ್ದು, ತೊಟ್ಟಿಯದ್ದಲ್ಲ. ಪ್ರಾಧಿಕಾರ ಕೆದಕಿ ಕೇಳಬೇಕಾದದ್ದು ಆ ಪೋಷಕ ದ್ರವದ ಬಗ್ಗೆ. ಜೀವಕೋಶ ಬೆಳೆಸಲು ಮೊದಲಿನಿಂದಲೂ ಬಳಸುತ್ತಿದ್ದುದು ದನದ ಗರ್ಭದಲ್ಲಿರುವ ಕರುವಿನ ರಕ್ತದಿಂದ ತೆಗೆದ ಸೀರಂ. ಹಲವು ಕಂಪನಿಗಳು ಈಗ ಅದನ್ನು ಬಿಟ್ಟಿವೆ. ಬಿಡದವರೂ ಇರಬಹುದಲ್ಲ? ‘ಕೊಲ್ಲದೆ ಮಾಡಿದ್ದು’ ಎಂದು ಮಾರುವವರು ಆ ಸೀರಂ ಬಳಸಿದ್ದಾರೋ ಇಲ್ಲವೋ ಎಂಬುದನ್ನು ಪೊಟ್ಟಣದ ಮೇಲೇ ಹೇಳಬೇಕು. ಮಾಂಸಾಹಾರದ ಗುರುತಾದ ಕಂದು ತ್ರಿಕೋನವಂತೂ ತಪ್ಪುವುದಿಲ್ಲ. ಪ್ರಾಣಿಮೂಲದ್ದೆಲ್ಲ, ಹಾಲು ಜೇನಿನಂಥವು ಬಿಟ್ಟರೆ, ನಮ್ಮ ಕಾನೂನಿನ ಪ್ರಕಾರ ಮಾಂಸಾಹಾರವೇ.

ಉಳಿದದ್ದು ಹೆಸರು. ಸೋಯಾ, ಬಾದಾಮಿಯ ಪಾನೀಯಗಳನ್ನು ಹಾಲೆಂದು ಮಾರಬಾರದೆಂದು ಪ್ರಾಧಿಕಾರ 2021ರಲ್ಲಿ ಪಟ್ಟು ಹಿಡಿಯಿತು. ಅಡುಗೆಮನೆಯ ತೆಂಗಿನ ಹಾಲು ಹಾಗೇ ಉಳಿಯಿತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ತೊಟ್ಟಿಯಿಂದ ಬರುವುದು ಹೆಚ್ಚಾಗಿ ಖೈಮಾದ ಹಾಗಿರುತ್ತದೆ. ಬೋಟಿಯಿಲ್ಲ, ಈಲಿಯಿಲ್ಲ, ಜಗಳವಾಡಲು ಮೂಳೆಯೂ ಇಲ್ಲ. ಅದನ್ನು ಮಾಂಸವೆಂದು ಕರೆಯಲು ನನ್ನ ಅಡ್ಡಿಯಿಲ್ಲ, ‘ಜೀವಕೋಶದಿಂದ ಬೆಳೆಸಿದ್ದು’ ಎಂಬುದು ಅಷ್ಟೇ ದಪ್ಪ ಅಕ್ಷರದಲ್ಲಿದ್ದರೆ. ಬಾಡು ಎಂದು ಅಚ್ಚು ಹಾಕಿಸಲು ಹೊರಟರೆ ಮಾತ್ರ ಮಂಡ್ಯದವರನ್ನು ಒಂದು ಮಾತು ಕೇಳುವುದು ಒಳ್ಳೆಯದು.